ಕಾಲುವೆಯ ನಿಂಬೆಹಣ್ಣು

ಅಗಸೆ ಎಣ್ಣೆಯ ವಾಸನೆ ಬಂದರೆ ಸಾಕು, ನಾವಿದ್ದ ಪರದೇಶದ ಯೋಟಾ ಕಾಲುವೆಯ ಆ ಮಧ್ಯಾಹ್ನ ಈಗಲೂ ನನ್ನ ಕಣ್ಣೆದುರು ಬರುತ್ತದೆ.

ನಮ್ಮ ಹಳೆಯ ದೋಣಿಯ ಚುಕ್ಕಾಣಿಯ ಹಿಡಿ ಕೊಳೆತುಹೋಗಿತ್ತು. ಟೋರ್ಸ್‌ಲಾಂಡದ ಕಾರ್ಖಾನೆಯಲ್ಲಿ ಕಾರು ಎಂಜಿನಿಯರಾಗಿದ್ದ ಅಪ್ಪ ಹೊಸ ಮರದ ಹಿಡಿ ಕೂರಿಸಿ, ಬೋಲ್ಟ್ ಬಿಗಿದು, ಅಗಸೆ ಎಣ್ಣೆ ಸವರಿದರು. ಅಮ್ಮ ಅದಕ್ಕೆ ಕುಂಕುಮವಿಟ್ಟು ನಿಂಬೆಹಣ್ಣು ತಂದಳು.

"ಚಕ್ರಾನೇ ಇಲ್ವಲ್ಲೇ, ಯಾವುದರ ಕೆಳಗಿಡ್ತೀಯಾ?" ಎಂದು ಅಪ್ಪ ನಕ್ಕರು.

ದೋಣಿ ಹೊರಟ ಮೇಲೆ ಅಮ್ಮ ಹಣ್ಣನ್ನು ಮುಂದಿನ ನೀರಿಗೆ ಎಸೆದಳು. "ಬಾ ಪುಟ್ಟಿ, ನೀನೇ ಅದರ ಮೇಲೆ ಹತ್ತಿಸು."

ನಾನು ಹಿಡಿಯನ್ನು ಬಲಕ್ಕೆ ಎಳೆದೆ. ಹಿಡಿ ಎಳೆದದ್ದಕ್ಕೆ ವಿರುದ್ಧವಾಗಿ ದೋಣಿ ಎಡದಂಡೆಯತ್ತ ತಿರುಗಿತು. ಅಪ್ಪ ಹಿಡಿಯತ್ತ ಕೈ ಚಾಚಿದರು.

"ಸುಮ್ನಿರ್ರೀ, ಅವಳೇ ಸರಿ ಮಾಡ್ಕೋತಾಳೆ," ಎಂದಳು ಅಮ್ಮ.

ಅಪ್ಪ ಕೈಯನ್ನು ಜೇಬಿಗೆ ಸೇರಿಸಿದರು. ನಾನು ಹಿಡಿಯನ್ನು ಎಡಕ್ಕೆ ತಳ್ಳಿದೆ. ಹಳದಿ ಹಣ್ಣು ದೋಣಿಯ ಮೂತಿಯಡಿ ಮಾಯವಾಯಿತು.

ದಡ ಮುಟ್ಟುವವರೆಗೂ ಅಪ್ಪ ಜೇಬಿನಿಂದ ಕೈ ತೆಗೆಯಲಿಲ್ಲ.