ಎದೆಯ ಮೇಲಿನ ಚೀಟಿ

ನಿಸರ್ಗಾಳ ಅಂಗೈಗೆ ಅಂಟಿಸಿದ್ದ ಕೆಂಪು ಕಾಗದದ ಗುಂಡಿಯನ್ನು ಅಜ್ಜಿ ಗೌರಮ್ಮ ಮೆಲ್ಲಗೆ ಒತ್ತಿದರು. ಅಮೆರಿಕದ ಸ್ಯಾನ್ ರಮೋನಿನ ಶಾಲೆಯ ಇತಿಹಾಸ ಪ್ರದರ್ಶನದಲ್ಲಿ ಐರಿಷ್ ನಾಯಕನ ವೇಷ ತೊಟ್ಟು ಗುಂಡಿ ಒತ್ತಿದರೆ ಮಾತಾಡುವ ಬೊಂಬೆಯಂತೆ ನಿಂತಿದ್ದ ಹುಡುಗಿ ಇಂಗ್ಲಿಷಿನಲ್ಲಿ ಮಾತಾಡತೊಡಗಿದಳು.

"ಏನಂತಾಳೆ ಮಗ?"

"ಐನೂರು ವರ್ಷದ ಹಿಂದಿನ ಪಾಳೇಗಾರನಂತೆ ಕಣವ್ವ," ಎಂದ ನಿಸರ್ಗಾಳ ಅಪ್ಪ ಶಿವಪ್ರಕಾಶ್. "ಇಂಗ್ಲೆಂಡಿನ ರಾಜನ ಮುಂದೆ ಮಂಡಿಯೂರಿ ಮನೆತನದ ಹೆಸರು, ಬಟ್ಟೆ, ಭಾಷೆ ಎಲ್ಲಾ ಬಿಟ್ಟನಂತೆ. ರಾಜ ಹೊಸ ಪದವಿ ಕೊಟ್ಟನಂತೆ."

"ಅವ್ನವ್ವನೂ ಅಲ್ಲೇ ಇದ್ಲಾ ಮಗ?"

ಗೌರಮ್ಮ ಕೇಳಿದ್ದು ಪಿಸುದನಿಯಲ್ಲಿ. ಒಳಗೆ ಕನ್ನಡ ಜೋರಾಗಿ ಆಡಬೇಡವೆಂದು ಪಾರ್ಕಿಂಗ್ ಲಾಟಿನಲ್ಲಿ ಹೇಳಿದ್ದವನು ಮಗನೇ. ಅವ್ವನಿಗೆ ಇಂಗ್ಲಿಷ್ ಓದಲು ಬಾರದೆಂದು ಗೊತ್ತಿದ್ದೂ, 'ಸ್ಟೀವ್' ಎಂದು ತಾನೇ ಬರೆದು ಎದೆಗೆ ಅಂಟಿಸಿಕೊಂಡಿದ್ದ ಹೆಸರಿನ ಚೀಟಿಯನ್ನು ಶಿವಪ್ರಕಾಶ್ ಅಂಗೈಯಿಂದ ಮುಚ್ಚಿಕೊಂಡ.