ತೊಟ್ಟಿಲಿನ ಹೋಲಿಕೆ

"ಮುಗೀತು ಕಣೇ, ಮೊದಲ ಅಧ್ಯಾಯ!" ಎನ್ನುತ್ತ ಮಾಸ್ತಪ್ಪ ಮೇಷ್ಟ್ರು ಹಾಳೆ ಹಿಡಿದುಕೊಂಡು ಅಡಿಗೆಮನೆಗೇ ನುಗ್ಗಿದರು. ಅವರ ಹೆಂಡತಿ ಕನ್ನಮ್ಮ ಬಾಳೆದಿಂಡು ಹೆಚ್ಚುತ್ತ, ಬಿಲ್ಲೆ ಬಿಲ್ಲೆಗೂ ಏಳುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

ಶರಾವತಿಗೆ ಅಣೆಕಟ್ಟು ಬಂದು ಊರು ಮುಳುಗಿದ ಮೇಲೆ ಅವರು ರಿಪ್ಪನ್‌ಪೇಟೆಯ ಈ ಬಾಡಿಗೆ ಮನೆ ಸೇರಿದ್ದರು. ಆ ಊರನ್ನು ಕಾದಂಬರಿಯಲ್ಲಾದರೂ ಎತ್ತಿ ನಿಲ್ಲಿಸದಿದ್ದರೆ ಕನ್ನಡ ಮೇಷ್ಟ್ರಾಗಿದ್ದೂ ದಂಡ ಎಂದು ಅವರ ಹಟ. ಒಂದು ಒಳ್ಳೆಯ ಹೋಲಿಕೆ ಸಿಕ್ಕಿತೆಂದರೆ ಮುಗಿಯಿತು, ಊಟ ನಿದ್ದೆ ಬೇಡ.

ಗಂಟಲು ಸರಿಮಾಡಿಕೊಂಡು ಓದಿದರು: "ಗುಡ್ಡಗಳ ನಡುವೆ ನಮ್ಮೂರು ತೊಟ್ಟಿಲಲ್ಲಿ ಮಲಗಿದ ಮಗುವಿನಂತಿತ್ತು. ಒಂದು ದಿನ ನೀರು ಬಂತು. ನಿದ್ದೆ ಕೆಡದ ಹಾಗೆ, ತಾಯಿ ಕಂಬಳಿ ಹೊದಿಸುವಂತೆ, ಮೆಲ್ಲಗೆ ಮುಚ್ಚಿತು."

ಶಹಬ್ಬಾಸ್‌ಗಿರಿಗೆ ಕಾದು ತಲೆಯೆತ್ತಿದರೆ, ಕನ್ನಮ್ಮನ ಕೈ ನಿಂತುಹೋಗಿತ್ತು.

"ಊರು ಬಿಡುವಾಗ ಭೂತಪ್ಪನ ಕಲ್ಲು ತಂದ್ರಿ," ಎಂದಳು. "ಕಾಯಿ ಒಡ್ದು, ಅಪ್ಪಣೆ ಕೇಳಿ, ಗಾಡೀಲಿ ಹುಲ್ಲು ಹಾಸಿ ತಂದ್ರಿ. ಬಾಗಿಲ ದಾರಂದಾನೂ ಕಿತ್ತು ತಂದ್ರಿ."

"ಈಗ ಅದೆಂತಕ್ಕೆ?"

"ಹಲಸಿನ ಮರದ ಬುಡದಲ್ಲಿರೋ ನಮ್ ಪುಟ್ಟನ್ನ ಎಂತ ಮಾಡೋದು ಅಂತ ಕೇಳ್ದೆ. ಮಣ್ಣು ಸೇರಿದ್ದನ್ನ ಎಬ್ಬಿಸಬಾರ್ದು ಅಂದ್ರಿ."

ಮೇಷ್ಟ್ರು ಹಾಳೆಯನ್ನು ಕೆಳಗಿಳಿಸಿದರು. ತೊಟ್ಟಿಲಲ್ಲಿರುವಾಗಲೇ ತೀರಿಕೊಂಡ ಒಬ್ಬನೇ ಮಗ. ಊರು ಬಿಟ್ಟು ಬಂದ ಮೇಲೆ ಅವನ ಮಾತನ್ನು ಮನೆಯಲ್ಲಿ ಇಬ್ಬರೂ ಎತ್ತಿರಲಿಲ್ಲ. ಆ ಸಾಲು ತಮ್ಮೊಳಗೆ ಎಲ್ಲಿಂದ ಬಂತೆಂದು ಅವರಿಗೆ ಈಗ ಗೊತ್ತಾಯಿತು. ಬರೆದು ಬರೆದು ತಾವೇ ಮೆಚ್ಚಿಕೊಂಡಿದ್ದು ನೆನಪಾಯಿತು.

"ತಪ್ಪಾಯ್ತು ಮಾರಾಯ್ತಿ. ಹೊಡ್ದು ಹಾಕ್ತೀನಿ," ಎಂದು ಜೇಬಿನಿಂದ ಪೆನ್ನು ತೆಗೆದರು.

"ಬ್ಯಾಡ." ಕನ್ನಮ್ಮ ಅವರ ಕೈ ಹಿಡಿದಳು. "ತೊಟ್ಟಿಲು ಇರ್ಲಿ. ಅವ್ನಿಗೆ ಇನ್ನೆಲ್ಲಿ ಜಾಗ ಇದೆ?"

ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಕಂಬಳಿ ಅಂದ್ರಲ್ಲ, ಅದು ಯಾವುದು?"

ಮೇಷ್ಟ್ರು ತೋರಿಸಿದರು. ನಾರು ಸುತ್ತಿದ ಹಸಿ ಬೆರಳನ್ನು ಅವಳು ಅದರ ಮೇಲಿಟ್ಟಳು. ಶಾಯಿ ಕದಡಿತು.

"ಇದೊಂದು ತೆಗೀರಿ," ಎಂದಳು. "ನೀರು ಬೆಚ್ಚಗಿರಲ್ಲ."