ಪರದೆ ಹೋದ ಕಂಪ್ಯೂಟರು

ಪರದೆ ಕಪ್ಪಾದ ಕೂಡಲೇ ಓಸ್ಮೊ ಮೌಸನ್ನು ಮೇಜಿಗೆ ಕುಕ್ಕಿದ. "ಹೋಯ್ತು ಐಲಿ! ನಿನ್ನ ಹಾಡುಗಳೆಲ್ಲ ಹೋಯ್ತು!" ಹೆಂಡತಿ ಸ್ವರ ಬರೆಯುತ್ತಿದ್ದ ಹಳೆಯ ತಂತ್ರಾಂಶ ಹೊಸ ಕಂಪ್ಯೂಟರಿನಲ್ಲಿ ಓಡುತ್ತಿರಲಿಲ್ಲ. ಅದಕ್ಕೆಂದು ಇದರೊಳಗೇ ಹಳೆಯದೊಂದು ಕಂಪ್ಯೂಟರನ್ನು ಹುಟ್ಟಿಸುವ ವರ್ಚುವಲೈಸೇಶನ್ ಸೇವೆಯನ್ನು ಅವನು ಚಾಲೂ ಮಾಡಿದ್ದ. ಮೊದಲು ದೋಷದ ಸಂದೇಶ ಬಂತು, ಆಮೇಲೆ ಬರೀ ಕತ್ತಲೆ. ಸಂಜೆ ಔಲು ಪಟ್ಟಣದ ಚರ್ಚಿನಲ್ಲಿ ಹಾಡಬೇಕಾದ ಅವಳ ಹೊಸ ಹಾಡುಗಳೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು.

ಐಲಿ ಕಾಫಿ ಬಟ್ಟಲನ್ನಿಟ್ಟು, ಮೇಜಿನ ಅಂಚು ಸವರಿಕೊಂಡು ಬಂದಳು. "ಏಳು, ಜಾಗ ಬಿಡು. ಅದು ಇನ್ನೂ ಮಾತಾಡ್ತಾ ಇದೆ. ನೀನು ಕೂಗಾಡೋದು ನಿಲ್ಲಿಸಿದ್ರೆ ಕೇಳುತ್ತೆ." ಹುಟ್ಟಿನಿಂದಲೇ ಕಣ್ಣು ಕಾಣದ ಅವಳಿಗೆ ಕಂಪ್ಯೂಟರು ಪ್ರತಿ ಸಾಲನ್ನೂ ಓದಿ ಹೇಳುತ್ತಿತ್ತು. ಅವಳು ಆ ದನಿಯ ವೇಗವನ್ನು ಎಷ್ಟು ಏರಿಸಿಟ್ಟಿದ್ದಳೆಂದರೆ, ಓಸ್ಮೊನ ಕಿವಿಗೆ ಅದು ಬಾಣಲೆಯಲ್ಲಿ ಬೆಣ್ಣೆ ಚಟಪಟಿಸಿದಂತಿತ್ತು. ಐಲಿಯ ಬೆರಳುಗಳು ಕೀಲಿಗಳ ಮೇಲೆ ಓಡಿ, ಥಟ್ಟನೆ ನಿಂತವು. "ಸಿಕ್ಕಿಬಿದ್ದ ಕಳ್ಳ!" ಎಂದವಳೇ ಆ ಸೇವೆಯನ್ನು ನಿಲ್ಲಿಸಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿದಳು. "ಹಾಡು ಎಲ್ಲಿಗೂ ಹೋಗಿಲ್ಲ ಮಾರಾಯ. ಪರದೆ ಬೇಕಾಗಿದ್ದು ನಿನಗೆ. ಬಂತಾ, ನೋಡು?"

ಅದು ಬಂದು ಎಷ್ಟು ಹೊತ್ತಾಗಿತ್ತೋ. ಅವಳ ಬೆರಳುಗಳನ್ನೇ ನೋಡುತ್ತ ನಿಂತಿದ್ದ ಓಸ್ಮೊ ಆ ಕಡೆ ತಿರುಗಿಯೇ ಇರಲಿಲ್ಲ.